ಹೆಬ್ಬಾತಿನ ಹಿತ್ತಿಲು

ನಮ್ಮ ಮನೆಗೆ ಕ್ರಿಸ್‌ಮಸ್ ಮಾರ್ಚ್ ತಿಂಗಳಲ್ಲಿ ಬರುತ್ತಿತ್ತು. ಹಡಗಿನಲ್ಲಿ ಬರುತ್ತಿದ್ದುದರಿಂದ ಯಾರನ್ನೂ ದೂರುವಂತಿರಲಿಲ್ಲ. ಹೊರಗೆ ಸಿಡ್ನಿಯ ಬಿಸಿಲು ರಸ್ತೆಯ ಡಾಂಬರನ್ನು ಮೆತ್ತಗೆ ಮಾಡುತ್ತಿರುವಾಗ, ಟೂಂಗಾಬಿ ಸ್ಟೇಷನ್ ಪಕ್ಕದ ನ್ಯೂಸ್‌ಏಜೆಂಟ್ ಅಂಗಡಿಯೊಳಗೆ, ನಮ್ಮ ಮನೆಯ ಹೆಸರು ಬರೆದ ಫೋಲ್ಡರಿನಲ್ಲಿ, ಬ್ರಿಟನ್ನಿನ ಮಕ್ಕಳ ಹಾಸ್ಯ ವಾರಪತ್ರಿಕೆಯೊಂದು ತನ್ನ ಹೆಸರಿನ ಅಕ್ಷರಗಳ ಮೇಲೆಲ್ಲ ಹಿಮ ಹೊತ್ತುಕೊಂಡು ಕಾಯುತ್ತಿತ್ತು. ಮೂರು ತಿಂಗಳ ಹಳೆಯ ನಗುವನ್ನು ನಾವು ಪ್ರತಿವಾರ ತಾಜಾ ಎಂದು ನಂಬಿ ಕೊಳ್ಳುತ್ತಿದ್ದೆವು. ನಕ್ಷತ್ರ ನೋಡುವ ವಿಜ್ಞಾನಿಗಳು ಮಾಡುವುದೂ ಇದನ್ನೇ; ಅವರು ಮುಖ ಸ್ವಲ್ಪ ಗಂಭೀರವಾಗಿಟ್ಟುಕೊಂಡಿರುತ್ತಾರೆ, ಅಷ್ಟೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೇತುವೆಗಳ ಇಂಜಿನಿಯರು; ಮೈಸೂರಿನಿಂದ ಹೆಂಡತಿಯನ್ನೂ ಎರಡನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಬಂದು, ರೆಂಟ್ ಮನೆಯಲ್ಲಿ ಬಿಡಾರ ಹೂಡಿದ್ದೆ. ಬಂದ ವರ್ಷವೇ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪದ್ಧತಿಯನ್ನು ಜಾರಿಗೆ ತಂದಳು. ಆಮೇಲೆ ಈ ಪತ್ರಿಕೆ ಹಿಡಿದಳು. ತಂದೆಯಾದವನಿಗೆ ಒಂದು ಕರ್ತವ್ಯವಿರುತ್ತದೆಯಲ್ಲ; ಒಂದು ಶನಿವಾರ ಕನ್ನಡಕ ಹಾಕಿಕೊಂಡು, ಸೆನ್ಸಾರ್ ಮಂಡಳಿಯ ಅಧ್ಯಕ್ಷನ ಭಂಗಿಯಲ್ಲಿ ಅದನ್ನು ಪರಿಶೀಲನೆಗೆ ತೆಗೆದುಕೊಂಡೆ. ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ.

ಅದರಲ್ಲಿ ಒಂದು ಪುಟ ಹೆಬ್ಬಾತಿನದು. ಒಂದು ಬಡ ಸಂಸಾರ ಕ್ರಿಸ್‌ಮಸ್ ಊಟಕ್ಕೆಂದು ಹಿತ್ತಿಲಲ್ಲಿ ಒಂದು ಹೆಬ್ಬಾತನ್ನು ಕೊಬ್ಬಿಸುತ್ತಿದೆ. ಯಜಮಾನ ವಾರವಾರವೂ ಚಾಕು ಮಸೆಯುತ್ತಾನೆ. ಹೆಬ್ಬಾತು ವಾರವಾರವೂ ಏನಾದರೊಂದು ಹೂಡಿ ಪಾರಾಗುತ್ತದೆ. ಯಜಮಾನನೇ ಬಾಣಲೆಯಲ್ಲಿ ಕೂತಿರುವಂತೆ ಪುಟ ಮುಗಿಯುತ್ತದೆ. ಕ್ರಿಸ್‌ಮಸ್ ಸಂಚಿಕೆಯಲ್ಲಿ ಮನೆಮಂದಿಯೆಲ್ಲ ಮುಖ ಸಿಂಡರಿಸಿಕೊಂಡು ಬೇಯಿಸಿದ ಆಲೂಗಡ್ಡೆ, ಕೋಸು ತಿನ್ನುತ್ತಿರುತ್ತಾರೆ, ಹೆಬ್ಬಾತು ಕಾಗದದ ಕಿರೀಟ ಇಟ್ಟುಕೊಂಡು ಮೇಜಿನ ತುದಿಯಲ್ಲಿ ಕೂತಿರುತ್ತದೆ. ಸಸ್ಯಾಹಾರಕ್ಕೆ ಇಷ್ಟು ದೀರ್ಘಕಾಲ ಇಷ್ಟು ನಿಷ್ಠೆಯಿಂದ ದುಡಿದ ಇನ್ನೊಂದು ಸಂಸ್ಥೆ ನನಗೆ ಗೊತ್ತಿಲ್ಲ.

ಮಗಳಿಗೆ ಇದು ತಮಾಷೆಯಾಗಿರಲಿಲ್ಲ. ಡಿಸೆಂಬರ್ ಕಳೆದು ಜನವರಿ, ಫೆಬ್ರವರಿ ಬಂದರೂ ಹೆಬ್ಬಾತು ಉಳಿಯಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಇಂಗ್ಲೆಂಡಿನ ಮಕ್ಕಳಿಗೆಲ್ಲ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ ಎಂದು ಸಾರಿನ ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದಳು. ಅವಳ ಅಮ್ಮ ಸಮಾಧಾನ ಹೇಳುತ್ತಿದ್ದಳು: ಅಷ್ಟು ವರ್ಷ ಬದುಕಿರೋದು ಈ ವರ್ಷ ಸಾಯುತ್ತಾ.

ಎಷ್ಟು ವರ್ಷ? ನ್ಯೂಸ್‌ಏಜೆಂಟನ್ನು ಕೇಳಿದೆ. ತಾನು ಹುಡುಗನಾಗಿದ್ದಾಗಲೂ ಅದು ಇತ್ತು, ತನ್ನಪ್ಪನೂ ಅದನ್ನೇ ಓದಿ ಏಟು ತಿಂದವನು ಎಂದ. ಹೀಗೆ ಅವರಿವರ ಬಾಯಿಂದ, ಲೈಬ್ರರಿಯ ಮೂಲೆಗಳಿಂದ, ಆ ಪತ್ರಿಕೆಯ ಚರಿತ್ರೆ ನನ್ನ ಕಿವಿಗೆ ಬೀಳತೊಡಗಿತು. ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೂ ಮುಂಚೆ. ಯುದ್ಧದಲ್ಲಿ ಕಾಗದಕ್ಕೆ ಬರ ಬಂದಾಗ ಪುಟ ಇಳಿಸಿ, ವಾರ ಬಿಟ್ಟು ವಾರ ಬಂದರೂ ನಿಲ್ಲಲಿಲ್ಲ. ಬಾಂಬು ಬೀಳುತ್ತಿದ್ದ ಊರುಗಳಲ್ಲಿ ಮಕ್ಕಳು ನೆಲಮಾಳಿಗೆಯಲ್ಲಿ ಕೂತು ಅದನ್ನು ಓದಿ ನಕ್ಕರು. ಯುದ್ಧ ಮುಗಿಯಿತು, ಸಾಮ್ರಾಜ್ಯವೂ ಮುಗಿಯಿತು, ನಾವು ಸ್ವತಂತ್ರರಾದೆವು. ಇಷ್ಟೆಲ್ಲ ನಡೆಯುವಾಗಲೂ ಹೆಬ್ಬಾತು ಯಜಮಾನನ ಬೂಟಿನೊಳಗೆ ಜೇನುತುಪ್ಪ ಸುರಿಯುತ್ತಲೇ ಇತ್ತು. ಅಕ್ಕಪಕ್ಕದ ಮಕ್ಕಳ ಪತ್ರಿಕೆಗಳು ಒಂದೊಂದಾಗಿ ಸೊರಗಿದವು. ಸಾಯುವ ಪತ್ರಿಕೆಯ ಕೊನೆಯ ಸಂಚಿಕೆಯ ಮುಖಪುಟದಲ್ಲಿ 'ಒಳಗೆ ಮಹಾ ಸಂತೋಷದ ಸುದ್ದಿ' ಎಂದು ದಪ್ಪಕ್ಷರದಲ್ಲಿ ಹಾಕುವುದು ಅವರ ಸಂಪ್ರದಾಯವಂತೆ. ಒಳಗೆ ನೋಡಿದರೆ, ಮುಂದಿನ ವಾರದಿಂದ ನಾವು ಇನ್ನೊಂದು ಪತ್ರಿಕೆಯಲ್ಲಿ ಸೇರಿಹೋಗುತ್ತೇವೆ ಎಂದಿರುತ್ತದೆ. ಸೇರಿಹೋದ ಹೆಸರು, ಲಗ್ನಪತ್ರಿಕೆಯ ಕೆಳಗೆ ಬರುವ ಬಂಧುಗಳ ಹಾಗೆ, ಕೆಲವು ದಿನ ಸಣ್ಣಕ್ಷರದಲ್ಲಿದ್ದು, ಇನ್ನೂ ಸಣ್ಣದಾಗಿ, ಕೊನೆಗೆ ಇಲ್ಲವಾಗುತ್ತದೆ. ತನ್ನ ಸಾವನ್ನು ಇಷ್ಟು ಹಸನ್ಮುಖದಿಂದ ಪ್ರಕಟಿಸುವ ಬೇರೆ ಯಾವ ಜಾತಿಯನ್ನೂ ನಾನು ಕಂಡಿಲ್ಲ.

ಆದರೆ ನನ್ನನ್ನು ನಿಜವಾಗಿ ಮೂಕನನ್ನಾಗಿಸಿದ್ದು ಬೇರೆ. ಆ ಪುಟಗಳ ಮೇಲೆ ಎಲ್ಲಿಯೂ ಬರೆದವರ ಹೆಸರಿಲ್ಲ. ಸಹಿ ಹಾಕಕೂಡದು ಎಂಬುದು ಕಟ್ಟಳೆ. ನಮ್ಮ ಸೋಮನಾಥಪುರದ ಶಿಲ್ಪಿಗಳು ಕೂಡ ವಿಗ್ರಹದ ಪಾದದ ಕೆಳಗೆ ತಮ್ಮ ಹೆಸರು ಕೊರೆದುಕೊಂಡವರು. ಇವರು ಕೋಟ್ಯಂತರ ಮಕ್ಕಳನ್ನು ನಗಿಸಿ, ಹೆಸರು ಹೇಳದೆ ಕೋಟು ತೊಟ್ಟು ಮನೆಗೆ ಹೋದರು.

ಇದನ್ನು ಒಂದು ಸಂಜೆ ಬೇಲಿಯ ಪಕ್ಕ ನಿಂತು ಪಕ್ಕದ ಮನೆ ಆಂಟಿಗೆ ಹೇಳಿದೆ. ಅವರು ಇಂಗ್ಲೆಂಡಿನ ಉತ್ತರದ ಕಡೆಯ ಕಾರ್ಖಾನೆ ಊರಿನವರು. ಯುದ್ಧ ಮುಗಿದ ಮೇಲೆ, ಅಗ್ಗದ ಟಿಕೆಟ್ಟಿನಲ್ಲಿ ಜನರನ್ನು ಇಲ್ಲಿಗೆ ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಗಂಡನ ಜೊತೆ ಹಡಗು ಹತ್ತಿ ಬಂದಿದ್ದರು. ಗಂಡ ತೀರಿಹೋಗಿದ್ದರು, ಗಂಡುಮಕ್ಕಳಿಬ್ಬರು ಪರ್ತ್ ಕಡೆ ಸಂಸಾರ ಹೂಡಿದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದು ಎಂದು ನನ್ನ ಹೆಂಡತಿ ಮಗಳಿಗೆ ಹೇಳಿಕೊಟ್ಟ ಮೇಲೆ, ಯಾರಿಗೂ ಚಿಕ್ಕಮ್ಮನಲ್ಲದ ಅವರು ಇದ್ದಕ್ಕಿದ್ದಂತೆ ಒಂದು ಮೈಸೂರು ಸಂಸಾರಕ್ಕೆ ಆಂಟಿಯಾದರು. ಮೊದಲು ಸ್ವಲ್ಪ ಬೆಚ್ಚಿದರು. ಆಮೇಲೆ ಅಭ್ಯಾಸವಾಯಿತು.

ಸೋಮನಾಥಪುರದ ವಿಷಯ ಕೇಳಿ ಅವರು ಕತ್ತರಿಯನ್ನು ಗುಲಾಬಿ ಗಿಡದ ಬುಡದಲ್ಲಿಟ್ಟರು. "ನಿಮ್ಮವರು ಬುದ್ಧಿವಂತರು. ನನ್ನ ತಮ್ಮನಿಗೂ ಒಂದು ಪಾದ ಕೊಟ್ಟಿದ್ರೆ ಚೆನ್ನಾಗಿತ್ತು," ಅಂದರು.

ತಮ್ಮನ ಕಥೆ ಹೊರಬಿದ್ದದ್ದು ಹೀಗೆ. ಅವನು ಆ ಪತ್ರಿಕೆಯ ಆಫೀಸಿನಲ್ಲಿದ್ದ. ಚಿತ್ರ ಬರೆಯುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ. ಯಾವ ಚಿತ್ರ ಎಂದರೆ ಹೇಳುತ್ತಿರಲಿಲ್ಲ. ಆಫೀಸಿನ ಗುಟ್ಟು ಎನ್ನುತ್ತಿದ್ದ. ಅವರಪ್ಪ ನಂಬಲಿಲ್ಲ. ಅಲ್ಲಿ ಕಸ ಗುಡಿಸುತ್ತಾನೆ, ಊರಲ್ಲಿ ಕಲಾವಿದ ಅಂತ ಹೇಳಿಕೊಂಡು ತಿರುಗುತ್ತಾನೆ ಎಂದು ಸಾಯುವ ತನಕ ಆಡಿಕೊಂಡರು. ಇವರು ಹಡಗು ಹತ್ತುವ ದಿನ ಬಂದರಿಗೆ ಬಂದ ತಮ್ಮ ಒಂದೇ ಮಾತು ಹೇಳಿದ: ಪ್ರತಿವಾರ ಪತ್ರಿಕೆ ಕಳಿಸ್ತೀನಿ, ಅದರಲ್ಲಿ ನನ್ನನ್ನ ಹುಡುಕು, ಸಿಕ್ಕಿಬಿಟ್ಟರೆ ನನ್ನ ಕೆಲಸ ಕೆಟ್ಟಿತು ಅಂತ ತಿಳಿ. ಕಳಿಸಿದ. ಕಂದು ಕಾಗದದಲ್ಲಿ ಸುತ್ತಿ, ವಾರ ತಪ್ಪದೆ, ನಲವತ್ತು ತುಂಬುವ ಮುಂಚೆ ತಾನು ಸಾಯುವವರೆಗೂ ಕಳಿಸಿದ. ಅಕ್ಕ ಪ್ರತಿ ಪುಟವನ್ನೂ ಹುಡುಕಿದರು. ಸಿಗಲಿಲ್ಲ. ಆಫೀಸಿಗೆ ಬರೆದು ಕೇಳಿದರೆ, ಯಾರು ಯಾವುದನ್ನು ಬರೆದರೆಂಬ ಲೆಕ್ಕ ನಾವು ಇಡುವುದಿಲ್ಲ ಎಂದು ಮರ್ಯಾದೆಯಿಂದ ತಿಳಿಸಿದರು.

"ಅವನು ನಮಗೆ ಸುಳ್ಳು ಹೇಳಿದ್ನೋ, ಅಷ್ಟು ಚೆನ್ನಾಗಿ ಬರೀತಿದ್ನೋ, ಎರಡರಲ್ಲಿ ಒಂದು," ಅಂದರು ಆಂಟಿ. "ಯಾವುದು ಅಂತ ನಂಗೆ ಗೊತ್ತಾಗ್ಬೇಕಿತ್ತು."

ಆ ಪತ್ರಿಕೆಗಳೆಲ್ಲ ಅವರ ಗ್ಯಾರೇಜಿನಲ್ಲಿ ಚಹಾ ತುಂಬುವ ಮರದ ಪೆಟ್ಟಿಗೆಗಳಲ್ಲಿದ್ದವು. ಮನೆ ಮಾರಿ ಮಕ್ಕಳಿರುವ ಪರ್ತ್‌ಗೆ ಹೋಗುವ ತೀರ್ಮಾನವಾಗಿತ್ತು, ಗ್ಯಾರೇಜು ಖಾಲಿಯಾಗಬೇಕು. ಹೆಬ್ಬಾತಿನ ಮೇಲೆ ನಮ್ಮ ಮಗಳಿಗಿದ್ದ ಭಕ್ತಿಯನ್ನು ಕಂಡಿದ್ದರಲ್ಲ, ಪೆಟ್ಟಿಗೆಗಳನ್ನು ಬೇಲಿ ದಾಟಿಸಿದರು. ನಾನು ಭಾವಾವೇಶದಲ್ಲಿ ಒಂದು ಘೋಷಣೆ ಮಾಡಿದೆ: ನೀವು ಹೊರಡುವುದರೊಳಗೆ ನಿಮ್ಮ ತಮ್ಮನನ್ನು ಹುಡುಕಿಕೊಡುತ್ತೇನೆ. ಸೇತುವೆ ಇಂಜಿನಿಯರುಗಳಿಗೆ ಅಡಿಪಾಯ ನೋಡುವ ಮುಂಚೆ ಮಾತು ಕೊಡುವ ಚಟವಿರುವುದಿಲ್ಲ. ನನಗೆ ಯಾಕೆ ಬಂತೋ.

ಇಲ್ಲಿ ನನ್ನ ಹೆಂಡತಿಯ ತವರಿನ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇದ್ದದ್ದೇ. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಪಿನ್ನು ಬಿಚ್ಚಿ ಕಿತ್ತಿಟ್ಟುಕೊಂಡು, ಕಾದಂಬರಿ ಮುಗಿದ ಮೇಲೆ ಎಲ್ಲ ಸೇರಿಸಿ ಬೈಂಡ್ ಮಾಡುವುದು. ಉಳಿದ ಪತ್ರಿಕೆ ರದ್ದಿಗೆ. ನಮ್ಮ ಅತ್ತೆಯವರು ಇದರಲ್ಲಿ ಸಿದ್ಧಹಸ್ತರು. ಮೈದಾ ಗೋಂದಿಗೆ ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ, ದಬ್ಬಳ, ಹುರಿ, ಬೆನ್ನಿಗೆ ಹಳೇ ಸೀರೆಯ ಅಂಚು. ಮದುವೆಯಲ್ಲಿ ನನ್ನ ಹೆಂಡತಿ ತಂದ ವಸ್ತುಗಳಲ್ಲಿ ಹೀಗೆ ಕಟ್ಟಿದ ಕಾದಂಬರಿಗಳೂ ಇದ್ದವು; ಹಾಳೆಯ ಹಿಂಬದಿಯಲ್ಲಿ ಅರ್ಧ ಅಡುಗೆ ವಿಧಾನ, ಕೂದಲೆಣ್ಣೆಯ ಜಾಹೀರಾತು.

ಅವಳು ಪೆಟ್ಟಿಗೆ ತೆರೆದು ನೋಡಿದಳು. ಪಿನ್ನುಗಳು ತುಕ್ಕು ಹಿಡಿದಿದ್ದವು, ಬೆಳ್ಳಿಹುಳುಗಳು ಸಂಸಾರ ಮಾಡಿಕೊಂಡಿದ್ದವು. ಬೇಲಿಯ ಹತ್ತಿರ ಹೋಗಿ ಕೇಳಿದಳು. ನೋಡಮ್ಮ, ಕೊಟ್ಟ ಮೇಲೆ ನಿಂದು, ಏನು ಬೇಕಾದ್ರೂ ಮಾಡ್ಕೋ ಎಂದರು ಆಂಟಿ. ಅಪ್ಪಣೆ ಸಿಕ್ಕಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಗಿಡದ ಔಷಧಿಗಳ ಸಾಲಿನಲ್ಲಿ ಮೈಲುತುತ್ತವೂ ಸಿಕ್ಕಿತು. ಆಫೀಸಿನಿಂದ ಬಂದು ನೋಡುತ್ತೇನೆ, ಊಟದ ಮೇಜಿನ ಮೇಲೆ ಇಂಗ್ಲೆಂಡಿನ ಮಕ್ಕಳ ಸಾಹಿತ್ಯ ಪರಂಪರೆಯನ್ನು ಬಿಚ್ಚಿ ಹರಡಲಾಗಿದೆ. ಹೆಬ್ಬಾತು ಒಂದು ಕಡೆ, ಮಿಕ್ಕವರೆಲ್ಲ ಇನ್ನೊಂದು ಕಡೆ. ಹೆಬ್ಬಾತಿನ ಬೆನ್ನಿಗೆ ಒಬ್ಬ ಕೋಪಿಷ್ಠ ಹೆಡ್‌ಮಾಸ್ತರರ ಚಿತ್ರಕಥೆ ಅಚ್ಚಾಗಿತ್ತು. ಅವರ ಸ್ವತಂತ್ರ ಅಸ್ತಿತ್ವ ಅಂದೇ ಕೊನೆಗೊಂಡಿತು. ಕಟ್ಟು ಬಿಚ್ಚಿದ ಕ್ರಮ ತಪ್ಪದ ಹಾಗೆ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ ಅವಳು ತಲೆ ಎತ್ತದೆ ಹೇಳಿದಳು: "ರೀ, ಆ ಫ್ಯಾನ್ ಆರಿಸಿ. ಹೆಬ್ಬಾತು ಹಾರ್ಹೋಗುತ್ತೆ."

ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು, ಅದರ ಮೇಲೆ ಅವಳ ಹಳೇ ವಾಯಿಲ್ ಸೀರೆ. ಹೆಬ್ಬಾತಿನ ಸಮಗ್ರ ಸಂಪುಟ ನಮ್ಮ ಮಿಕ್ಸಿಗಿಂತ ಭಾರವಾಗಿತ್ತು.

ಅಷ್ಟರಲ್ಲಿ ನನ್ನನ್ನು ಒಂದು ಸೇತುವೆ ರಿಪೇರಿಗೆಂದು ಕೆಲವು ತಿಂಗಳ ಮಟ್ಟಿಗೆ ಮೆಲ್ಬರ್ನಿಗೆ ಹಾಕಿದರು. ಅಲ್ಲಿ ಬಾಡಿಗೆ ಕೋಣೆ, ಟ್ರಾಮು, ಒಂದೇ ದಿನದಲ್ಲಿ ನಾಲ್ಕು ಋತು. ಕೊಟ್ಟ ಮಾತು ಬೆನ್ನಿಗಿತ್ತು. ಟ್ರಾಮ್ ಸ್ಟಾಪಿನ ನ್ಯೂಸ್‌ಏಜೆಂಟನ್ನು ವಿಚಾರಿಸಿದಾಗ, ಆ ಪತ್ರಿಕೆಯ ವಿಷಯದಲ್ಲಿ ಈ ಊರಿನ ಪರಮೋಚ್ಚ ನ್ಯಾಯಾಲಯ ಒಬ್ಬ ದಂತವೈದ್ಯ ಎಂದು ತಿಳಿಯಿತು. ಮೊದಲ ವರ್ಷದಿಂದ ಹಿಡಿದು ಹೆಚ್ಚುಕಡಿಮೆ ಎಲ್ಲ ಸಂಚಿಕೆಯೂ ಅವರಲ್ಲಿದೆಯಂತೆ. ಯಾವ ಗೆರೆ ಯಾರದು ಎಂದು ನೋಡಿದ ತಕ್ಷಣ ಹೇಳುತ್ತಾರಂತೆ. ಸಿಡ್ನಿಗೆ ಹೋದಾಗ ಸಂಪುಟವನ್ನು ಟವೆಲ್ಲಿನಲ್ಲಿ ಸುತ್ತಿ ತಂದು, ಒಂದು ಶನಿವಾರ ಮಧ್ಯಾಹ್ನ ಅವರ ಮನೆಯ ಬಾಗಿಲು ತಟ್ಟಿದೆ.

ಆ ಕೋಣೆಯನ್ನು ನಾನು ಮರೆಯಲಾರೆ. ಬಿಸಿಲು ಬೀಳದಂತೆ ದಪ್ಪ ಪರದೆ. ಗೋಡೆಯುದ್ದ ಲೋಹದ ಕಪಾಟು. ಪ್ರತಿ ಸಂಚಿಕೆಯೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಂತಿದೆ. ದಂತವೈದ್ಯರು ಬಿಳಿ ಕೈಗವಸು ಹಾಕಿಕೊಂಡರು, ನನಗೂ ಒಂದು ಜೊತೆ ಕೊಟ್ಟರು. ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಓದಲು ಇದನ್ನೇ ಇಟ್ಟಿರುತ್ತೀರಾ ಎಂದು ಕೇಳಿದೆ. ಮುಟ್ಟುತ್ತಾರಲ್ಲ, ಎಂದರು. ಯುದ್ಧಕಾಲದ ಸಂಚಿಕೆಯನ್ನು ತೆಗೆದು ನನ್ನ ಮುಂದೆ ಇಟ್ಟರು. ಹಳದಿಗಟ್ಟಿದ ಕಾಗದ, ಆಚೆ ಬದಿಯ ಚಿತ್ರ ಈಚೆ ಕಾಣುವಷ್ಟು ತೆಳು. ಮೇಲಿನ ಮೂಲೆಯಲ್ಲಿ ಯಾವುದೋ ಮನೆಯ ನಂಬರು ಪೆನ್ಸಿಲ್ಲಿನಲ್ಲಿತ್ತು. ಯಾವುದೋ ಊರಿನ ಪತ್ರಿಕೆ ಹಂಚುವವನು ಗುರುತಿಗೆ ಬರೆದದ್ದು. ಆ ಮನೆ ಉಳಿಯಿತೋ ಇಲ್ಲವೋ. ಹೆಬ್ಬಾತು ಅದರಲ್ಲಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿತ್ತು. ಸೋಮನಾಥಪುರದ ಗರ್ಭಗುಡಿಯ ಮುಂದೆ ತಂಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಮಾತು ಹೇಗೆ ತಾನಾಗಿ ತಗ್ಗುತ್ತದೋ, ಇಲ್ಲಿ ಶೂ ಹಾಕಿಕೊಂಡೇ ಹಾಗಾಯಿತು.

ಆಮೇಲೆ ನಾನು ಟವೆಲ್ ಬಿಚ್ಚಿದೆ.

ದಂತವೈದ್ಯರು ಮೊದಲು ಸೀರೆ ನೋಡಿದರು. ಆಮೇಲೆ ರಟ್ಟು ತೆರೆದು, ಕಿತ್ತ ಹಾಳೆಗಳ ಅಂಚಿನ ಮೇಲೆ ಬೆರಳಾಡಿಸಿದರು, ವಸಡು ಮುಟ್ಟಿ ನೋಡುವ ಹಾಗೆ. ಮುಖಪುಟಗಳೆಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ತಾರೀಕು? ಮುಖಪುಟದ ಮೇಲಿತ್ತು ಎಂದೆ. ಅವರು ಕೂತುಕೊಂಡರು.

"ನಾನು ಕೇಳಿದ್ದು ಬಾಯಿ," ಅಂದರು. "ನೀವು ತಂದಿರೋದು ಹಲ್ಲು."

ನಾನು ನಮ್ಮ ಕಡೆಯ ಧಾರಾವಾಹಿ ಪದ್ಧತಿಯನ್ನು ವಿವರಿಸಲು ಹೊರಟೆ. ಶವಪರೀಕ್ಷೆಯ ಮೇಜಿನ ಪಕ್ಕ ಅಡುಗೆ ವಿಧಾನ ಹೇಳಿದಂತೆ ಕೇಳಿಸಿತು, ನಿಲ್ಲಿಸಿದೆ. ಆದರೂ ಸಜ್ಜನರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಹಾಳೆ ತಿರುವಿದರು. ಹೆಬ್ಬಾತಿನ ಕತ್ತಿನ ತಿರುವು, ಕಣ್ಣಿನ ಚುಕ್ಕೆ, ಕೊಕ್ಕಿನ ಕೆಳಗಿನ ಎರಡು ಗೆರೆ, ಎಲ್ಲವನ್ನೂ ತಾಳೆ ನೋಡಿದರು. ಚಿತ್ರಕಾರರು ರಜೆ ಹೋದಾಗಲೋ ಕಾಯಿಲೆ ಬಿದ್ದಾಗಲೋ ಆಫೀಸಿನಲ್ಲಿ ಬದಲಿ ಕೂರಿಸುವ ಪದ್ಧತಿ ಇತ್ತು, ನಿಜ. ಬದಲಿಯ ಕೆಲಸ ಅಸಲಿಯವನ ಕೈಯನ್ನು ತದ್ವತ್ ಅನುಕರಿಸುವುದು. ಮಕ್ಕಳಿಗೆ ಅನುಮಾನ ಬರಕೂಡದು. ಆದರೆ ಹೆಬ್ಬಾತಿಗೆ ಬದಲಿ ಇರಲಿಲ್ಲ. ಈ ಸಂಪುಟದ ಆದಿಯಿಂದ ಅಂತ್ಯದವರೆಗೆ ಒಂದೇ ಕೈ. ಮಿಕ್ಕ ಕಥೆಗಳಲ್ಲಿ ಇದ್ದ ಬದಲಿಗಳನ್ನೆಲ್ಲ ತಾವು ಗುರುತು ಹಚ್ಚಿಯಾಗಿದೆ, ನೀವು ಹೇಳುವಂಥವನು ಅವರಲ್ಲಿ ಯಾರೂ ಇಲ್ಲ. ಹೀಗೆ ತೀರ್ಪು ಕೊಟ್ಟು, ಪುಸ್ತಕವನ್ನು ತಾವೇ ಟವೆಲ್ಲಿನಲ್ಲಿ ಸುತ್ತಿ ವಾಪಸು ಕೊಟ್ಟರು. ಬಾಗಿಲವರೆಗೂ ಬಂದು, ಹಲ್ಲಿನ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಆಡದೆ ಕೈಕುಲುಕಿದರು. ಅದು ಅವರ ದುಃಖದ ಆಳ.

ಮೆಲ್ಬರ್ನಿನ ಕೆಲಸ ಮುಗಿದು ನಾನು ಸಿಡ್ನಿಗೆ ಬರುವ ಹೊತ್ತಿಗೆ ಪಕ್ಕದ ಮನೆಯ ಮುಂದೆ ಮಾರಾಟದ ಬೋರ್ಡಿನ ಮೇಲೆ 'ಸೋಲ್ಡ್' ಎಂಬ ಕೆಂಪು ಪಟ್ಟಿ ಬಿದ್ದಿತ್ತು. ಹೊರಡುವ ಮುನ್ನಾದಿನ ಬೆಳಿಗ್ಗೆ ಆಂಟಿಯನ್ನು ಉಪ್ಪಿಟ್ಟಿಗೆ ಕರೆದಿದ್ದೆವು. ಉಪ್ಪಿಟ್ಟನ್ನು ಅವರು ಖಾರದ ಗಂಜಿ ಎಂದು ಕರೆದು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ವಿಷಯ ಹೇಗೆ ಹೇಳುವುದು ಎಂದು ನಾನು ಅಡುಗೆಮನೆಯಲ್ಲಿ ಹೆಂಡತಿಯನ್ನು ಕೇಳಿದೆ. ಸುತ್ತಿ ಬಳಸಿ ಹೇಳ್ಬೇಡಿ, ನಿಮಗೆ ಬರಲ್ಲ ಎಂದಳು. ಹಿಂದಿನ ವರಾಂಡದಲ್ಲಿ ಕೂತು, ಸುತ್ತಿ ಬಳಸಿಯೇ ಹೇಳಿದೆ. ಲಭ್ಯ ಸಾಕ್ಷ್ಯಗಳ ಪ್ರಕಾರ, ತಜ್ಞರ ಅಭಿಪ್ರಾಯದಲ್ಲಿ, ಸದ್ಯದ ಮಟ್ಟಿಗೆ.

ಆಂಟಿ ಚಮಚ ತಟ್ಟೆಯಲ್ಲಿಟ್ಟರು. "ಅಪ್ಪ ಹೇಳಿದ್ದೂ ಅದನ್ನೇ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ತೆರೆದಿಟ್ಟಿದ್ದ ಗೇಟನ್ನು, ಇನ್ನು ಯಾರೂ ಬರುವುದಿಲ್ಲ ಎಂದು ಮುಚ್ಚುವವರ ಹಾಗಿತ್ತು.

ಮಗಳು ಒಳಗೆ ಹೋಗಿ ಸಂಪುಟವನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ಯಾರೂ ಹೇಳಿರಲಿಲ್ಲ. ಆಂಟಿಯ ತೊಡೆಯ ಮೇಲಿಟ್ಟು, ಇಟ್ಸ್ ಯುವರ್ ಗೂಸ್ ಎಂದಳು. ಹೆಬ್ಬಾತನ್ನು ಅವಳು ಬಿಟ್ಟುಕೊಡುತ್ತಾಳೆಂದು ನಾನು ಎಣಿಸಿರಲಿಲ್ಲ.

ಆಂಟಿ ಸೀರೆಯ ಬಟ್ಟೆಯನ್ನು ಸವರಿದರು, ಚೆನ್ನಾಗಿದೆ ಎಂದರು, ಸೌಜನ್ಯಕ್ಕೆ ಹಾಳೆ ತಿರುವತೊಡಗಿದರು. ಪುಸ್ತಕ ದಪ್ಪ, ಒಂದೊಂದೇ ತಿರುವಿದರೆ ಊಟದ ಹೊತ್ತಾಗುತ್ತದೆ. ಆದ್ದರಿಂದ ಹೆಬ್ಬೆರಳಿನಿಂದ ಅಂಚು ಹಿಡಿದು ಬಿಡುತ್ತ ಹೋದರು. ಹೆಬ್ಬಾತು ಓಡಿತು, ಯಜಮಾನ ಅಟ್ಟಿಸಿಕೊಂಡು ಹೋದ, ಬಿದ್ದ, ಎದ್ದ. ಬೆರಳು ನಿಂತಿತು. ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ ಬಿಟ್ಟರು, ಮತ್ತೆ ನಿಲ್ಲಿಸಿದರು. ಉಪ್ಪಿಟ್ಟಿನ ತಟ್ಟೆಯನ್ನು ಮೊಣಕೈಯಿಂದ ಆಚೆ ಸರಿಸಿದರು. ಒಂದು ಜಾಗದಲ್ಲಿ ಬೆರಳಿಡಲು ಮಗಳಿಗೆ ಹೇಳಿದರು, ಮುಂದೆ ಹೋಗಿ ಇನ್ನೊಂದು ಜಾಗದಲ್ಲಿ ನನ್ನ ಹೆಂಡತಿಗೆ. ನಡುವೆ ಉಳಿದದ್ದು ಒಂದು ಬೆರಳು ದಪ್ಪದ ಹಾಳೆಗಳು.

"ಇದು ನಮ್ಮ ಕಲ್ಲಿದ್ದಲು ಗೂಡಿನ ಬಾಗಿಲು," ಅಂದರು.

ನಾವು ಬಗ್ಗಿ ನೋಡಿದೆವು. ಹೆಬ್ಬಾತಿನ ಹಿಂದೆ, ಯಾರೂ ನೋಡದ ಜಾಗದಲ್ಲಿ, ಹೆಬ್ಬೆಟ್ಟಿನ ಉಗುರಿನಷ್ಟು ಒಂದು ಬಾಗಿಲು. ಕೆಳಗಿನ ಕೀಲು ಕಿತ್ತುಹೋಗಿ ವಾಲಿಕೊಂಡಿದೆ. ಪಕ್ಕದ ಇಟ್ಟಿಗೆ ಗೋಡೆಗೆ ಮಕ್ಕಳ ತಳ್ಳುಗಾಡಿಯ ಒಂಟಿ ಚಕ್ರ ನೇತುಹಾಕಿದೆ. ತಳ ಇಲ್ಲದ ಬಕೆಟ್ಟು. ತಾವು ಹುಟ್ಟಿ ಬೆಳೆದ ಮನೆಯ ಹಿತ್ತಿಲನ್ನು ಆಂಟಿ ಒಂದೊಂದಾಗಿ ತೋರಿಸಿದರು. ಆ ಚಕ್ರದ ಗಾಡಿಯಲ್ಲಿ ಮೊದಲು ಅವರನ್ನು, ಆಮೇಲೆ ತಮ್ಮನನ್ನು ತಳ್ಳಿದ್ದರು. ಅದರಿಂದ ಮಣ್ಣಿನ ಕೈಗಾಡಿ ಮಾಡುತ್ತೇನೆಂದು ಅಪ್ಪ ಮೊಳೆ ಹೊಡೆದು ನೇತುಹಾಕಿದ್ದರು. ಮಾಡಲಿಲ್ಲ. ಬಾಗಿಲು ಸರಿ ಮಾಡುತ್ತೇನೆಂದೂ ಹೇಳುತ್ತಿದ್ದರು.

ಮಗಳ ಬೆರಳಿಗಿಂತ ಹಿಂದಿನ ಪುಟಗಳಲ್ಲಿ ಬರೀ ಹಲಗೆ ಬೇಲಿ, ಒಂದು ಮರ. ಹೆಂಡತಿಯ ಬೆರಳಿನ ಆಚೆಗೂ ಅದೇ ಹಲಗೆ ಬೇಲಿ, ಅದೇ ಮರ. ನಡುವಿನ ಒಂದು ಬೆರಳಿನಷ್ಟು ಕಾಲ ಮಾತ್ರ ಹೆಬ್ಬಾತು ಬೇರೆ ಹಿತ್ತಿಲಲ್ಲಿ ಓಡಾಡಿದೆ. ಕತ್ತಿನ ತಿರುವು ಅದೇ, ಕಣ್ಣಿನ ಚುಕ್ಕೆ ಅದೇ, ಕೊಕ್ಕಿನ ಕೆಳಗೆ ಎರಡೇ ಗೆರೆ. ಬದಲಿ ಕೂತ ತಮ್ಮ ಹೆಬ್ಬಾತನ್ನು ಕೂದಲೆಳೆಯಷ್ಟೂ ಬದಲಿಸಿರಲಿಲ್ಲ. ವಾರಕ್ಕೊಂದು ಪುಟ ಓದುವವರಿಗೆ ಹಿತ್ತಿಲು ಎಂದರೆ ಹಿತ್ತಿಲು. ಮುಂದಿನ ವಾರ ಬರುವ ಹೊತ್ತಿಗೆ ಮರೆತಿರುತ್ತಾರೆ. ಆಂಟಿಯೂ ಆಗ ಹುಡುಕಿದ್ದು ಹೆಬ್ಬಾತಿನಲ್ಲಿ, ಯಜಮಾನನ ಮೂಗಿನಲ್ಲಿ. ವರ್ಷಗಳೆಲ್ಲ ಒಂದೇ ಹುರಿಯಲ್ಲಿ ಸೇರಿ ಹೆಬ್ಬೆರಳಿನ ಕೆಳಗೆ ಓಡಿದಾಗಲೇ, ಹೆಬ್ಬಾತು ನಿಂತುಕೊಂಡು ಹಿತ್ತಿಲು ಚಲಿಸಿದ್ದು.

ಆಂಟಿ ಅಳಲಿಲ್ಲ. ಅವರ ಊರಿನವರಿಗೆ ಆ ಅಭ್ಯಾಸ ಇದ್ದಂತಿಲ್ಲ. "ಕಸ ಗುಡಿಸೋನು," ಎಂದು ತಮ್ಮಷ್ಟಕ್ಕೇ ಒಮ್ಮೆ ಅಂದು, ತುಟಿ ಬಿಗಿಹಿಡಿದು ಪುಟ ನೋಡುತ್ತಿದ್ದರು. ಅವರು ನಗು ತಡೆಯುತ್ತಿದ್ದಾರೆಂದು ನನಗೆ ತಡವಾಗಿ ಗೊತ್ತಾಯಿತು. ನನ್ನ ಹೆಂಡತಿ ಬೆರಳು ತೆಗೆಯದೆ, ಎಡಗೈಯಲ್ಲೇ ಅವರ ಹೆಗಲು ಹಿಡಿದುಕೊಂಡಳು.

ಮರುದಿನ ನಾನು ದಂತವೈದ್ಯರಿಗೆ ಫೋನ್ ಮಾಡಿ ಹಿತ್ತಿಲಿನ ವಿಷಯ ಹೇಳಿದೆ. ಸ್ವಲ್ಪ ಇರಿ ಎಂದರು. ಕಪಾಟು ಎಳೆದ ಸದ್ದು, ಪ್ಲಾಸ್ಟಿಕ್ಕಿನ ಸದ್ದು ಕೇಳಿಸಿತು. ಮತ್ತೆ ಇನ್ನೊಂದು ಪ್ಲಾಸ್ಟಿಕ್ಕಿನ ಸದ್ದು. ದೂರದ ಕರೆಯ ಮೀಟರು ಓಡುತ್ತಿತ್ತು, ಆದರೆ ಅದು ಅವಸರಪಡಿಸುವ ಸಮಯವಾಗಿರಲಿಲ್ಲ.

"ಚಿಕ್ಕಂದಿನಿಂದ ಇದು ನನ್ನ ಹತ್ತಿರ ಇದೆ," ಅಂದರು ಕೊನೆಗೆ. "ನಾನು ಹೆಬ್ಬಾತನ್ನ ನೋಡ್ತಿದ್ದೆ."

ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ, ಆ ಬೈಂಡಿಂಗಿಗೆ ನಿಮ್ಮ ಮನೆಯವರು ಯಾವ ಗೋಂದು ಬಳಸುತ್ತಾರೆ ಎಂದು ಕೇಳಿದರು.

ದಂತವೈದ್ಯರಿಗೆ ನಾನು ಹೇಳದೆ ಉಳಿದದ್ದು ಒಂದಿದೆ. ಕಪಾಟಿನಲ್ಲಿ ಅದೂ ಇರುತ್ತದೆ, ಒಂದಲ್ಲ ಒಂದು ದಿನ ಅವರೇ ನೋಡಿಕೊಂಡಿರುತ್ತಾರೆ. ಆ ಬೆಳಿಗ್ಗೆ ವರಾಂಡದಲ್ಲಿ ಆಂಟಿ ತಮ್ಮನ ಪುಟಗಳನ್ನೆಲ್ಲ ಒಂದೊಂದಾಗಿ ನೋಡುತ್ತ, ನನ್ನ ಹೆಂಡತಿ ಬೆರಳಿಟ್ಟಿದ್ದ ಕಡೆಯ ಪುಟಕ್ಕೆ ಬಂದರು. ಯಜಮಾನ ಎಂದಿನಂತೆ ಬಾಣಲೆಯಲ್ಲಿ ಕೂತಿದ್ದ. ಚಕ್ರ ಗೋಡೆಯ ಮೇಲೆ ಇರಲಿಲ್ಲ; ಕೆಳಗೆ, ಹಲಗೆ ಹೊಡೆದ ಒಂದು ಕೈಗಾಡಿಗೆ ಸಿಕ್ಕಿಸಿತ್ತು, ಹೆಬ್ಬಾತು ಅದನ್ನು ತಳ್ಳಿಕೊಂಡು ಓಡುತ್ತಿತ್ತು. ಕಲ್ಲಿದ್ದಲು ಗೂಡಿನ ಬಾಗಿಲು ಎರಡೂ ಕೀಲುಗಳ ಮೇಲೆ ನೆಟ್ಟಗೆ ನಿಂತಿತ್ತು.

"ಅಪ್ಪ ಮಾಡ್ಲಿಲ್ಲ," ಅಂದರು ಆಂಟಿ. "ಇವನು ಮಾಡಿ ಹೋಗಿದಾನೆ."

ವಾಲಿದ ಬಾಗಿಲು ಬರೆದೂ ಬರೆದೂ ಬೇಜಾರಾಗಿರಬಹುದು ಎಂದು ನನ್ನ ಹೆಂಡತಿ ಆಮೇಲೆ, ತಟ್ಟೆ ತೊಳೆಯುವಾಗ, ನನ್ನೊಬ್ಬನಿಗೆ ಹೇಳಿದಳು. ಹೇಳಿದ ಮೇಲೆ ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ಆಂಟಿ ಹಾಳೆ ತಿರುಗಿಸಿದರು. ಮುಂದಿನ ಪುಟದಲ್ಲಿ ಮತ್ತೆ ಹಲಗೆ ಬೇಲಿ, ಒಂದು ಮರ. ಹೆಬ್ಬಾತಿಗೆ ಏನೂ ಗೊತ್ತಾದಂತಿರಲಿಲ್ಲ.